ಘಟ್ಟದ ತಿರುವಿನ ಮಜಾ, ಮೈಗೆ ಕ್ಷೇಮ: ಪುಣೆಯ ಕನ್ನಡ ಬೈಕ್ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಪುಣೆಗೆ ಕೆಲಸಕ್ಕೆ ಬರುವ ನಮ್ಮ ಕಡೆಯವರಲ್ಲಿ ಬಹಳ ಮಂದಿ ಸಂಬಳ ಕೈಗೆ ಬಂದ ಮೇಲೆ ಮೊದಲು ತಗೊಳ್ಳುವುದೇ ಬೈಕು. ತಗೊಳ್ಳಲಿ. ಎತ್ತ ಹೊರಟರೂ ಘಟ್ಟ ಸಿಗುವ ಊರು ಇದು. ಮುಳಶಿ ದಾಟಿದರೆ ತಾಮ್ಹಿಣಿ, ಸಾತಾರಾ ಕಡೆಗೆ ಕಾತ್ರಜ್ ಮತ್ತು ಖಂಬಾಟ್ಕಿ, ವಾಯಿಯಿಂದ ಪಂಚಗಣಿಗೆ ಹತ್ತುವಾಗ ಪಸರಣಿ, ಭೋರ್ ದಾಟಿದ ಮೇಲೆ ವರಂಧಾ. ಭಾನುವಾರ ಬೆಳಿಗ್ಗೆ ಲವಾಸಾ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಊರಿನ ಅರ್ಧ ಬೈಕುಗಳು ಅಲ್ಲೇ ಸಿಗುತ್ತವೆ.

ಅದೇ ರಸ್ತೆಗಳಲ್ಲಿ ಜೀವ ಕಳೆದುಕೊಂಡವರೂ ಇದ್ದಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. "ಮಜಾ ಬೇಕಂದ್ರೆ ರಿಸ್ಕ್ ತಗೋಬೇಕು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. "ನಿಧಾನಕ್ಕೆ ಹೋಗಪ್ಪಾ" ಅನ್ನುವ ಮನೆಯವರ ಮಾತು ಪ್ರೀತಿಯದ್ದೇ, ಆದರೆ ಅದೊಂದೇ ಸಾಲದು, ಏಕೆಂದರೆ ನಿಧಾನ ಹೋಗುವವರೂ ಬೀಳುತ್ತಾರೆ. 1981ರಲ್ಲಿ ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲಿಸ್ ಸುತ್ತಮುತ್ತಲ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿದ ವರದಿ ಹೊರಬಂತು. ಅದರಲ್ಲಿ ಅರ್ಧದಷ್ಟು ಬೈಕುಗಳ ವೇಗ ಅಪಘಾತಕ್ಕೆ ಸ್ವಲ್ಪ ಮುಂಚೆ ಗಂಟೆಗೆ 48 ಕಿ.ಮೀ.ಗಿಂತ ಕಡಿಮೆಯೇ ಇತ್ತು. ಎದುರಿಗೆ ಏನೋ ಬಂದಾಗ ಹಿಂದಿನ ಬ್ರೇಕ್ ಜೋರಾಗಿ ತುಳಿದು ಗಾಡಿ ಜಾರಿಸಿಕೊಂಡವರು, ಮುಂದಿನ ಬ್ರೇಕನ್ನು ಬೇಕಾದಷ್ಟು ಹಿಡಿಯದವರು, ಹ್ಯಾಂಡಲ್ ತಿರುಗಿಸಿ ತಪ್ಪಿಸಿಕೊಳ್ಳಲು ಬಾರದವರೇ ಜಾಸ್ತಿ. ವೇಗ ಕಡಿಮೆ ಇತ್ತು, ಕೈಗೆ ಅಭ್ಯಾಸ ಇರಲಿಲ್ಲ.

ಹಂತ 1: ಮಜಾ ಎಲ್ಲಿಂದ ಬರುತ್ತದೆ ಅಂತ ಲೆಕ್ಕ ಹಾಕಿ

ಬೈಕಿನ ಮಜಾ ಅಂದರೆ ಗಾಡಿ ವಾಲುವುದು. ನೇರ ರಸ್ತೆಯಲ್ಲಿ 110ರಲ್ಲಿ ಹೋದರೆ ಗಾಳಿಯ ಸದ್ದು ಬಿಟ್ಟು ಬೇರೇನೂ ಸಿಗುವುದಿಲ್ಲ, ಐದು ನಿಮಿಷಕ್ಕೆ ಅದೂ ರೂಢಿಯಾಗುತ್ತದೆ, ಆಮೇಲೆ ಮನಸ್ಸು 120 ಕೇಳುತ್ತದೆ. ತಿರುವು ಹಾಗಲ್ಲ.

ಸುಮಾರು 30 ಮೀಟರ್ ತ್ರಿಜ್ಯದ ಘಟ್ಟದ ತಿರುವು ಇದೆ ಅಂದುಕೊಳ್ಳಿ. ಅದರಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದರೆ ಗಾಡಿ 23 ಡಿಗ್ರಿಯಷ್ಟು ವಾಲಲೇಬೇಕು. 50ಕ್ಕೆ 33 ಡಿಗ್ರಿ. 60ಕ್ಕೆ 43 ಡಿಗ್ರಿ, ಅಷ್ಟು ಹೊತ್ತಿಗೆ ಬಹಳಷ್ಟು ಸಾಮಾನ್ಯ ಬೈಕುಗಳ ಫುಟ್‌ಪೆಗ್ (ಕಾಲಿಡುವ ಕಡ್ಡಿ) ನೆಲ ಕೆರೆಯುತ್ತಿರುತ್ತದೆ. ಇನ್ನೊಂದು ಸಲ ನೋಡಿ: 40ರಿಂದ 60ಕ್ಕೆ ಹೋಗಿದ್ದು ಬರೀ 20 ಕಿ.ಮೀ., ಟೈರಿನಿಂದ ಕೇಳಿದ ಹಿಡಿತ ಎರಡು ಪಟ್ಟಿಗಿಂತ ಜಾಸ್ತಿ. 23 ಡಿಗ್ರಿ ವಾಲಿದಾಗಲೇ ಹೊಟ್ಟೆಯಲ್ಲಿ ಆ ಜುಮ್ ಅನ್ನುವ ಖುಷಿ ಬರುತ್ತದೆ, ಒಳ್ಳೆಯ ಒಣ ರಸ್ತೆಯಲ್ಲಿ ಟೈರಿಗೆ ಅರ್ಧಕ್ಕರ್ಧ ಹಿಡಿತ ಇನ್ನೂ ಬಾಕಿ ಇರುತ್ತದೆ. ತಿರುವಿನಲ್ಲಿ ಮರಳು ಕಂಡರೆ, ನಾಯಿ ಅಡ್ಡ ಬಂದರೆ ಕಾಪಾಡುವುದು ಆ ಬಾಕಿ ಹಿಡಿತವೇ. ಮುಂದೆ ನಾನು ಹೇಳುವುದೆಲ್ಲ ಅದನ್ನು ಉಳಿಸಿಕೊಂಡು ಖುಷಿ ಪಡುವ ದಾರಿ.

ಹಂತ 2: ಮೈಗೆ ಏನು ಹಾಕಬೇಕು

ಬಜೆಟ್ ಕಡಿಮೆ ಇದ್ದರೆ ಈ ಕ್ರಮದಲ್ಲಿ ತಗೊಳ್ಳಿ: ಹೆಲ್ಮೆಟ್, ಗ್ಲೌಸ್, ಕಾಲಿನ ಗಿಣ್ಣು ಮುಚ್ಚುವ ಬೂಟು, ಜಾಕೆಟ್, ಮೊಣಕಾಲಿನ ಗಾರ್ಡ್. ಎಕ್ಸಾಸ್ಟ್ ಬದಲಿಸುವುದು ಇವೆಲ್ಲ ಆದ ಮೇಲೆ ನೋಡೋಣ.

ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದೇ ಇರಲಿ, ಐಎಸ್‌ಐ ಗುರುತು ಇರಲಿ. ಭಾರತದಲ್ಲಿ 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ, ಆದರೂ ರಸ್ತೆ ಬದಿಯಲ್ಲಿ ನೇತುಹಾಕಿ ಮಾರುತ್ತಾರೆ, ಅದನ್ನು ಮುಟ್ಟಬೇಡಿ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಅಲ್ಲಾಡಬೇಕು, ಅಷ್ಟು ಬಿಗಿ ಇರಬೇಕು. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದ ಕೂಡಲೇ ಹಾರಿಹೋಗುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಕೊಕ್ರೇನ್ ಪರಿಶೀಲನೆ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಪರ್ಸೆಂಟ್, ತಲೆಗೆ ಪೆಟ್ಟಾಗುವ ಅಪಾಯವನ್ನು 69 ಪರ್ಸೆಂಟ್ ಕಡಿಮೆ ಮಾಡುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯಲ್ಲಿ 1,000 ರೂಪಾಯಿ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡುವ ಅವಕಾಶವೂ ಇದೆ.

ಗ್ಲೌಸ್ ಯಾಕೆ ಎರಡನೆಯದು ಅಂದರೆ, ಬೀಳುವಾಗ ಯಾರೇ ಆದರೂ ಮೊದಲು ಅಂಗೈ ಊರುತ್ತಾರೆ. ಜಾಕೆಟ್ ತಗೊಳ್ಳುವಾಗ ಭುಜ, ಮೊಣಕೈ, ಬೆನ್ನಿನ ಪ್ಯಾಡ್ ಮೇಲೆ ಸಿಇ (ಯುರೋಪಿನ ಸುರಕ್ಷತಾ ಗುರುತು) ಲೆವೆಲ್ 1 ಅಥವಾ 2 ಅಂತ ಅಚ್ಚಾಗಿದೆಯಾ ನೋಡಿ. ಬೆನ್ನಿಗೆ ಸುಮ್ನೆ ಸ್ಪಂಜ್ ತುರುಕಿರುವ ಜಾಕೆಟ್‌ಗಳು ಬಹಳ ಇವೆ.

ಹಂತ 3: ಹೊರಡುವ ಹಿಂದಿನ ಸಂಜೆ ಗಾಡಿ ನೋಡಿ

ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಏನೂ ಕಾಣುವುದಿಲ್ಲ, ಅದಕ್ಕೇ ಹಿಂದಿನ ಸಂಜೆಯೇ ನೋಡಿ. ಟೈರ್ ತಣ್ಣಗಿರುವಾಗ ಗಾಳಿ ಅಳೆಯಿರಿ, ಎಷ್ಟು ಅನ್ನುವುದು ಚೈನ್ ಕವರಿನ ಮೇಲೋ ಸ್ವಿಂಗ್‌ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ ತೋಳಿನ) ಮೇಲೋ ಇರುವ ಸ್ಟಿಕ್ಕರಿನಲ್ಲಿ ಇರುತ್ತದೆ, ಹಿಂದೆ ಒಬ್ಬರು ಕೂತರೆ ಹಿಂಬದಿ ಟೈರಿಗೆ ಬೇರೆ ಲೆಕ್ಕ. ಟೈರಿನ ಅಂಚಿನಲ್ಲಿ ಟಿಡಬ್ಲ್ಯುಐ ಅಥವಾ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಟೈರಿನ ತೋಡಿನೊಳಗೆ ಇರುವ ಉಬ್ಬಿನ ಮಟ್ಟಕ್ಕೆ ಟೈರ್ ಸವೆದಿದ್ದರೆ ಘಟ್ಟ ಬೇಡ, ಮೊದಲು ಟೈರ್ ಬದಲಿಸಿ. ಹೊಸ ಟೈರ್ ಹಾಕಿಸಿದ್ದರೂ ಮೊದಲ ನೂರು ನೂರೈವತ್ತು ಕಿ.ಮೀ. ಜೋರಾಗಿ ವಾಲಿಸಬೇಡಿ, ಮೇಲ್ಮೈ ನುಣುಪಾಗಿರುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಇಳಿಜಾರಿನಲ್ಲಿ ಬಿಸಿಯಾದಾಗ ಒಳಗೆ ಗುಳ್ಳೆ ಏಳುತ್ತದೆ, ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಸರ್ವೀಸ್ ಬಿಲ್ಲಿನಲ್ಲಿ ಅದು ಇದೆಯಾ ಕೇಳಿ. ಚೈನ್, ಲೈಟು, ಹಾರ್ನ್ ನೋಡಿಕೊಳ್ಳಿ, ಅಷ್ಟು ಸಾಕು.

ಹಂತ 4: ಬ್ರೇಕ್ ಹಿಡಿಯುವುದನ್ನು ಕಲಿಯಿರಿ

ಇದನ್ನು ಯಾರೂ ಕಲಿಸುವುದಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಆಕಾರ ಸುತ್ತಿಸುತ್ತಾರೆ, 60ರಿಂದ ತುರ್ತಾಗಿ ನಿಲ್ಲಿಸಿ ತೋರಿಸು ಅನ್ನುವುದಿಲ್ಲ.

ಅನುಮತಿ ಇರುವ ಖಾಲಿ ಪಾರ್ಕಿಂಗ್ ಜಾಗ ಹುಡುಕಿ. ಮೊದಲು 30ರ ವೇಗದಲ್ಲಿ ಬಂದು ಎರಡು ಬೆರಳಲ್ಲಿ ಮುಂದಿನ ಬ್ರೇಕ್ ಹಿಡಿಯಿರಿ. ಒಂದೇ ಏಟಿಗೆ ಕಿತ್ತು ಹಿಡಿಯಬೇಡಿ. ಮೊದಲು ಲಿವರಿನ ಸಡಿಲವನ್ನಷ್ಟೇ ಎಳೆದುಕೊಳ್ಳಿ, ಮುಂದಿನ ಫೋರ್ಕ್ ಕುಗ್ಗುವುದು ಅಂಗೈಗೆ ಗೊತ್ತಾಗುತ್ತದೆ, ಗಾಡಿಯ ತೂಕ ಮುಂದಿನ ಟೈರಿನ ಮೇಲೆ ಕೂತಿತು ಅಂತ ಅದರ ಅರ್ಥ, ಈಗ ಹಿಂಡುತ್ತಾ ಹೋಗಿ. ತೂಕ ಕೂರುವ ಮುಂಚೆಯೇ ಗಟ್ಟಿಯಾಗಿ ಹಿಡಿದರೆ ಟೈರ್ ಲಾಕ್ ಆಗುತ್ತದೆ, ಕೂತ ಮೇಲೆ ಹಿಡಿದರೆ ಅದೇ ಟೈರ್ ನೀವು ನಂಬಲಾರದಷ್ಟು ಬೇಗ ನಿಲ್ಲಿಸುತ್ತದೆ. ಹಿಂದಿನ ಬ್ರೇಕ್ ಹಗುರವಾಗಿ ಜೊತೆಗಿರಲಿ. ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಮೈಭಾರ ಕೈ ಮೇಲೆ ಬೀಳುತ್ತದೆ. ಕಣ್ಣು ದೂರಕ್ಕೆ. 30ರಲ್ಲಿ ಸಲೀಸಾದ ಮೇಲೆ 40, ಆಮೇಲೆ 50.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದೆ, ಆದರೆ ಎಷ್ಟೋ ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ನಿಮ್ಮದು ಯಾವುದು ಅಂತ ತಿಳಿದಿರಲಿ. ಎಬಿಎಸ್ ಕೆಲಸ ಮಾಡುವಾಗ ಲಿವರ್ ಬೆರಳಿಗೆ ಟಕಟಕ ಅಂತ ಒದೆಯುತ್ತದೆ, ಗಾಬರಿಯಾಗಿ ಬಿಡಬೇಡಿ, ಹಿಡಿದೇ ಇರಿ.

ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕ್ ಇದ್ದು, ಅಪಾಯ ಕಂಡು ಕೈ ಓಡುವುದಕ್ಕೆ ಒಂದೂವರೆ ಸೆಕೆಂಡ್ ಹಿಡಿದರೆ, 60ರಲ್ಲಿ ಇರುವ ಗಾಡಿ ನಿಲ್ಲಲು ಸುಮಾರು 45 ಮೀಟರ್ ಬೇಕು, 80ರಲ್ಲಿ 70 ಮೀಟರ್, 100ರಲ್ಲಿ ಹತ್ತಿರ ಹತ್ತಿರ 100 ಮೀಟರ್. ಮುಂದೆ ಎಷ್ಟು ರಸ್ತೆ ಕಾಣುತ್ತಿದೆಯೋ ಅಷ್ಟರೊಳಗೆ ನಿಲ್ಲಿಸಲಾಗುವ ವೇಗವೇ ನಿಮ್ಮ ವೇಗ. ಬೋರ್ಡಿನಲ್ಲಿ ಇನ್ನೂ ಜಾಸ್ತಿ ಬರೆದಿದ್ದರೂ ಅಷ್ಟೇ.

ಹಂತ 5: ದಾರಿ ಮತ್ತು ಹೊತ್ತು ಆರಿಸಿಕೊಳ್ಳಿ

ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ಲೋಣಾವಳಾಕ್ಕೆ ಹಳೆ ಹೈವೇಯಲ್ಲೇ ಹೋಗಬೇಕು. ಮುಂಬೈಯಲ್ಲಿ ಬಾಂದ್ರಾ-ವರ್ಲಿ ಸೀ ಲಿಂಕ್, 2024ರಲ್ಲಿ ತೆರೆದ ಅಟಲ್ ಸೇತು ಎರಡಕ್ಕೂ ಬೈಕಿಗೆ ಪ್ರವೇಶ ಇಲ್ಲ. ಮ್ಯಾಪ್ ತೋರಿಸಿತು ಅಂತ ನುಗ್ಗಬೇಡಿ.

ಘಟ್ಟಕ್ಕೆ ನಸುಕಿನಲ್ಲೇ ಹೊರಟು ಹತ್ತರೊಳಗೆ ವಾಪಸ್ ತಿರುಗುವುದು ಒಳ್ಳೆಯದು. ಹತ್ತರ ಮೇಲೆ ಮುಳಶಿ, ಸಿಂಹಗಡ, ಲೋಣಾವಳಾ ಎಲ್ಲ ಕಡೆ ಕಾರುಗಳ ಸಾಲು, ಭಜಿ ಅಂಗಡಿ ಮುಂದೆ ರಸ್ತೆ ಮಧ್ಯಕ್ಕೇ ನಿಲ್ಲಿಸಿದ ಗಾಡಿಗಳು. ಆಗ ತಿರುವು ಅನುಭವಿಸಲೂ ಆಗುವುದಿಲ್ಲ, ಅಪಾಯವೂ ಜಾಸ್ತಿ.

ಒಂದು ರಸ್ತೆಗೆ ಮೊದಲ ಸಲ ಹೋದಾಗ ಅರ್ಧ ವೇಗದಲ್ಲಿ ಹೋಗಿ ಬರೀ ನೋಡಿಕೊಂಡು ಬನ್ನಿ. ಕಳೆದ ವಾರ ನೋಡಿದ ರಸ್ತೆಯಲ್ಲೂ ಈ ವಾರ ಹೊಸ ಗುಂಡಿ ಇರಬಹುದು, ಹಾಗಾಗಿ ಹತ್ತುವಾಗ ಕಣ್ಣಾಡಿಸಿ, ಇಳಿದು ಮತ್ತೆ ಹತ್ತುವಾಗ ಖುಷಿ ಪಡಿ.

ಹಂತ 6: ತಿರುವು

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ವೇಗ ಇಳಿಸುವುದು, ಗೇರ್ ಇಳಿಸುವುದು ಎಲ್ಲ ಗಾಡಿ ನೇರ ಇರುವಾಗಲೇ ಮುಗಿಯಬೇಕು. ಟೈರಿನ ಹಿಡಿತ ತಿಂಗಳ ಸಂಬಳದ ಹಾಗೆ, ಇರುವುದು ಇಷ್ಟೇ: ಬಾಡಿಗೆಗೇ ಎಲ್ಲ ಹೋದರೆ ರೇಷನ್ನಿಗೆ ಉಳಿಯುವುದಿಲ್ಲ. ವಾಲುವುದಕ್ಕೆ ಬಹುಪಾಲು ಹಿಡಿತ ಬಳಸುತ್ತಿರುವಾಗ ಜೋರಾಗಿ ಬ್ರೇಕ್ ಒತ್ತಿದರೆ ಮುಂದಿನ ಟೈರ್ ಕೈಬಿಡುತ್ತದೆ.

ಆಮೇಲೆ ನೋಟ. ರಸ್ತೆಯ ಎಡ ಅಂಚು ಮತ್ತು ಬಲ ಅಂಚು ದೂರದಲ್ಲಿ ಒಂದಾಗಿ ಕಾಣುವ ಬಿಂದುವನ್ನು ಹಿಡಿಯಿರಿ. ಆ ಬಿಂದು ನಿಮ್ಮ ಹತ್ತಿರಕ್ಕೆ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ಇನ್ನೂ ವೇಗ ಇಳಿಸಿ. ಅದು ಮುಂದಕ್ಕೆ ಓಡುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ನಿಧಾನವಾಗಿ ಥ್ರಾಟಲ್ ಕೊಡಿ. ತಡೆಗೋಡೆ, ಕಂದರ, ಎದುರಿನ ಲಾರಿ ಇವನ್ನು ದಿಟ್ಟಿಸಬೇಡಿ. ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ.

ಗಾಡಿ ತಿರುಗಿಸುವುದು ಹೇಗೆ? ಬಲಕ್ಕೆ ಹೋಗಬೇಕಾದರೆ ಬಲಗಡೆಯ ಹ್ಯಾಂಡಲನ್ನು ಮೆತ್ತಗೆ ಮುಂದಕ್ಕೆ ತಳ್ಳಿ. ಓದಿದರೆ ಉಲ್ಟಾ ಅನಿಸುತ್ತದೆ, ಅಲ್ವಾ? ಸುಮಾರು 30 ಕಿ.ಮೀ. ಮೇಲಿನ ವೇಗದಲ್ಲಿ ಎಲ್ಲ ಬೈಕುಗಳೂ ಹೀಗೇ ತಿರುಗುತ್ತವೆ, ನಾವು ಗೊತ್ತಿಲ್ಲದೇ ಮಾಡುತ್ತಿರುತ್ತೇವೆ. ಗೊತ್ತಿದ್ದು ಮಾಡಿದರೆ ಗಾಡಿ ಬೇಗ ವಾಲುತ್ತದೆ, ತಿರುವಿನ ಮಧ್ಯದಲ್ಲಿ ಗಾಡಿ ಹೊರಕ್ಕೆ ಹೋಗುತ್ತಿದೆ ಅನಿಸಿದಾಗ ಇನ್ನೊಂದಿಷ್ಟು ತಳ್ಳಿದರೆ ಮತ್ತೆ ಒಳಕ್ಕೆ ಬರುತ್ತದೆ. ಭಯ ಬಿದ್ದು ಬ್ರೇಕ್ ಒತ್ತಿ ಬೀಳುವವರಲ್ಲಿ ಎಷ್ಟೋ ಮಂದಿಯ ಟೈರಿನಲ್ಲಿ ಇನ್ನೂ ವಾಲಲು ಹಿಡಿತ ಇತ್ತು.

ಬಲ ತಿರುವಿನಲ್ಲಿ ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಟೈರ್ ನಮ್ಮ ಲೇನಿನಲ್ಲೇ, ಮಧ್ಯದ ಗೆರೆಗೆ ಅಂಟಿಕೊಂಡು ಇರುತ್ತದೆ, ಆದರೆ ಗಾಡಿ ಬಲಕ್ಕೆ ವಾಲಿರುವುದರಿಂದ ತಲೆ ಮತ್ತು ಭುಜ ಗೆರೆಯ ಆಚೆ, ಎದುರು ಬರುವ ಎಸ್‌ಟಿ ಬಸ್ಸಿನ ದಾರಿಯಲ್ಲಿ ಇರುತ್ತವೆ. ಘಟ್ಟದ ಮುರುಕಿಯಲ್ಲಿ ಬಸ್ಸು, ಲಾರಿಗಳಿಗೆ ಇಡೀ ರಸ್ತೆ ಬೇಕಾಗುತ್ತದೆ, ಅದು ಅವರ ತಪ್ಪಲ್ಲ. ಆದ್ದರಿಂದ ಬಲ ತಿರುವಿನಲ್ಲಿ ಲೇನಿನ ಎಡಭಾಗ ಬಿಟ್ಟು ಕದಲಬೇಡಿ. ರೇಸ್ ನೋಡಿ ಕಲಿತ ಹೊರಗೆ-ಒಳಗೆ-ಹೊರಗೆ ಅನ್ನುವ ಗೆರೆ ಇಲ್ಲಿ ಬೇಡ. ಕುರುಡು ತಿರುವಿಗೆ ಮುಂಚೆ ಹಾರ್ನ್ ಮಾಡಿ. ಇಕ್ಕಟ್ಟಿನ ಘಟ್ಟದಲ್ಲಿ ಹತ್ತುವವರಿಗೆ ದಾರಿ ಬಿಡಬೇಕು ಅನ್ನುವುದು ನಿಯಮ.

ಇಳಿಯುವಾಗ, ಹತ್ತುವಾಗ ಬಳಸಿದ ಗೇರೇ ಇರಲಿ, ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ನ್ಯೂಟ್ರಲ್ ಬೇಡವೇ ಬೇಡ. ಸಾತಾರಾ ಕಡೆಯಿಂದ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ಉದ್ದನೆಯ ಇಳಿಜಾರು ಗೊತ್ತಲ್ಲ, ಅಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿದು ಬ್ರೇಕ್ ಸೋತ ಲಾರಿಗಳು ಮುಂದಿನ ಗಾಡಿಗಳಿಗೆ ನುಗ್ಗಿದ್ದು ಎಷ್ಟೋ ಸಲ ಸುದ್ದಿಯಾಗಿದೆ. ಅಲ್ಲಿ ಕನ್ನಡಿ ನೋಡುತ್ತಾ ಇಳಿಯಿರಿ, ಲಾರಿಯ ಮುಂದೆ ಇರಬೇಡಿ.

ಹಂತ 7: ಮಳೆಗಾಲ

ಜೂನ್ ಬಂತೆಂದರೆ ತಾಮ್ಹಿಣಿ ಹಸಿರಾಗುತ್ತದೆ, ಜಲಪಾತಗಳು ರಸ್ತೆ ಅಂಚಿಗೇ ಬೀಳುತ್ತವೆ, ಹೋಗದೇ ಇರಲು ಮನಸ್ಸು ಬರುವುದಿಲ್ಲ. ಹೋಗಿ, ಆದರೆ ಆ ದಿನ ವಾಲಿಸುವ ಆಸೆ ಮನೆಯಲ್ಲೇ ಬಿಟ್ಟು ಹೋಗಿ. ಮೊದಲ ಮಳೆ ಎಲ್ಲಕ್ಕಿಂತ ಅಪಾಯ, ತಿಂಗಳುಗಟ್ಟಲೆ ರಸ್ತೆಗೆ ಅಂಟಿದ ಎಣ್ಣೆ ನೀರಿನ ಮೇಲೆ ತೇಲುತ್ತದೆ. ಬಿಳಿ ಪಟ್ಟೆ, ಸೇತುವೆಯ ಕಬ್ಬಿಣದ ಜೋಡು, ಗುಡ್ಡದಿಂದ ಹರಿದು ಬಂದ ಕೆಂಪು ಮಣ್ಣು ಇವುಗಳ ಮೇಲೆ ಗಾಡಿ ನೇರ ಇರಲಿ, ಬ್ರೇಕ್ ಬೇಡ. ಮುಂದಿನ ಗಾಡಿಗೆ ಒಣಗಿದ್ದಾಗ ಎರಡು ಸೆಕೆಂಡ್ ಅಂತರ ಬಿಡುತ್ತಿದ್ದರೆ ಈಗ ನಾಲ್ಕು ಬಿಡಿ. ನೀರು ಹರಿಯುವ ರಸ್ತೆಗೆ ಇಳಿಯಲೇಬೇಡಿ, ಕೆಳಗಿನ ಗುಂಡಿ ಕಾಣುವುದಿಲ್ಲ. ವರಂಧಾ ಘಾಟನ್ನು ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯಕ್ಕೆ ಮುಚ್ಚುವುದುಂಟು, ವಿಚಾರಿಸಿ ಹೊರಡಿ.

ಹಂತ 8: ಊರಿಗೆ ಹೋಗುವ ಹೈವೇ

ಗಣೇಶ ಹಬ್ಬಕ್ಕೆ, ದೀಪಾವಳಿಗೆ ಬಸ್ ಟಿಕೆಟ್ ಸಿಗದೆ ಬೈಕಿನಲ್ಲೇ ಬೆಳಗಾವಿ, ಹುಬ್ಬಳ್ಳಿಗೆ ಹೊರಡುವವರು ಬಹಳ. ಬೆಳಗಾವಿಗೆ 340 ಕಿ.ಮೀ. ಆಸುಪಾಸು, ಹುಬ್ಬಳ್ಳಿಗೆ ಇನ್ನೂ ನೂರರ ಹತ್ತಿರ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹೊರಡಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ದಣಿದ ಕಣ್ಣು, ಎದುರಿನ ಹೈಬೀಮ್, ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಮೂರೂ ಸೇರಿದರೆ ಯಾವ ಕೌಶಲವೂ ನಡೆಯುವುದಿಲ್ಲ. ಸಾತಾರಾ, ಸಾಂಗ್ಲಿ, ಕೊಲ್ಹಾಪುರ ಕಡೆ ಕಬ್ಬಿನ ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಎಲ್ಲಿ ಬೇಕಾದರೂ ಸಿಗುತ್ತವೆ.

ಮಲಗಿ, ನಸುಕಿನಲ್ಲಿ ಹೊರಡಿ. ಒಂದೂವರೆ ಗಂಟೆಗೊಮ್ಮೆ ಇಳಿದು ನೀರು ಕುಡಿಯಿರಿ. ಗೋವಾಕ್ಕೆ ಹೋಗುವವರು ನಿಪ್ಪಾಣಿಯಲ್ಲಿ ಹೈವೇ ಬಿಟ್ಟು ಆಜರಾ, ಆಂಬೋಲಿ, ಸಾವಂತವಾಡಿ ದಾರಿ ಹಿಡಿದರೆ ಇಡೀ ಪ್ರಯಾಣದ ಒಳ್ಳೆಯ ತಿರುವುಗಳು ಅಲ್ಲೇ ಇವೆ. ಹೈವೇಯಲ್ಲಿ 70-80ರಲ್ಲಿ ಆರಾಮಾಗಿ ಹೋಗಿ, ಗಮನವನ್ನು ಆಂಬೋಲಿಗೆ ಉಳಿಸಿಕೊಳ್ಳಿ.

ಹಂತ 9: ಗುಂಪು

ಐದಾರು ಗಾಡಿಗಿಂತ ಜಾಸ್ತಿ ಬೇಡ. ಹೊಸಬರನ್ನು ಮುಂದಾಳುವಿನ ಹಿಂದೆಯೇ ಇರಿಸಿ, ಕೊನೆಯಲ್ಲಿ ಅನುಭವಿ ಇರಲಿ. ಯಾರಾದರೂ ಹಿಂದೆ ಉಳಿದರೆ ಅವರು ವೇಗ ಹೆಚ್ಚಿಸಿ ಬಂದು ಸೇರಬೇಕಿಲ್ಲ, ಮುಂದಿನ ಕವಲಿನಲ್ಲಿ ಎಲ್ಲರೂ ಕಾಯಬೇಕು, ಈ ಮಾತನ್ನು ಹೊರಡುವ ಮುಂಚೆ ಬಾಯಿಬಿಟ್ಟು ಹೇಳಿ. "ಏನಲೇ, ಇಷ್ಟು ನಿಧಾನ?" ಅನ್ನುವವರು ಗುಂಪಿನಲ್ಲಿದ್ದರೆ ಮುಂದಿನ ಸಲ ಅವರನ್ನು ಕರೆಯಬೇಡಿ.

ಹಂತ 10: ಇಷ್ಟೆಲ್ಲ ಆದ ಮೇಲೂ ವೇಗವೇ ಬೇಕು ಅಂದರೆ

ಬೇಕು ಅನಿಸುವುದು ತಪ್ಪಲ್ಲ. ಅದಕ್ಕೆ ಜಾಗ ಇದೆ. ಕೊಯಮತ್ತೂರಿನಲ್ಲಿ ಕರಿ ಮೋಟರ್ ಸ್ಪೀಡ್‌ವೇ, ಚೆನ್ನೈ ಹತ್ತಿರ ಇರುಂಗಾಟುಕೋಟೈ ಟ್ರ್ಯಾಕ್. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ಬಿದ್ದರೆ ಜಾರಿಹೋಗಲು ಜಾಗ ಇರುತ್ತದೆ, ಆಂಬುಲೆನ್ಸ್ ನಿಂತಿರುತ್ತದೆ. ತರಬೇತಿ ದಿನಗಳಿಗೆ ಸೇರಿಕೊಳ್ಳಿ, ವರ್ಷಕ್ಕೊಂದು ಸಲ ಹೋದರೂ ಸಾಕು, ಅದಾದ ಮೇಲೆ ರಸ್ತೆಯಲ್ಲಿ ಯಾರ ಜೊತೆಗೂ ಪೈಪೋಟಿ ಮಾಡಬೇಕು ಅನಿಸುವುದಿಲ್ಲ. ಮಣ್ಣಿನಲ್ಲಿ ಕಲಿಯಬೇಕಾದರೆ ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ್ದು. 2015ರಲ್ಲಿ ಡಕಾರ್ ರ್‍ಯಾಲಿ ಅನ್ನುವ, ಮರಳುಗಾಡು, ಬೆಟ್ಟಗಳಲ್ಲಿ ದಿನಗಟ್ಟಲೆ ನಡೆಯುವ ಕಠಿಣ ರೇಸನ್ನು ಪೂರ್ತಿ ಮಾಡಿದ ಮೊದಲ ಭಾರತೀಯ ಅವರು. 2021ರ ಡಕಾರ್‌ನಲ್ಲಿ ಅವರು ಬಿದ್ದು ತಲೆಗೆ ಪೆಟ್ಟಾದಾಗ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದರು, ಅವರು ಚೇತರಿಸಿಕೊಂಡರು. ತಾಮ್ಹಿಣಿಯಲ್ಲಿ ನಮಗೆ ಹೆಲಿಕಾಪ್ಟರ್ ಬರುವುದಿಲ್ಲ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಇರುವುದಿಲ್ಲ.

ಹಂತ 11: ಯಾರಾದರೂ ಬಿದ್ದರೆ

ಮೊದಲು ಹಿಂದಿನಿಂದ ಬರುವ ಗಾಡಿಗಳನ್ನು ನಿಲ್ಲಿಸಿ, ತಿರುವಿನ ಹಿಂದೆ ಒಬ್ಬರು ಹೋಗಿ ಕೈ ತೋರಿಸಲಿ. 112 ಅಥವಾ 108ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ, ಕುತ್ತಿಗೆ ಮೂಳೆಗೆ ಪೆಟ್ಟಾಗಿರಬಹುದು. ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ, ಅದನ್ನೂ ಮಾಡಬೇಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಾಯಾಳುವಿಗೆ ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ, 2019ರ ತಿದ್ದುಪಡಿಯಲ್ಲಿ ಕಾನೂನೇ ರಕ್ಷಣೆ ಕೊಟ್ಟಿದೆ, ಹಾಗಾಗಿ ಪೊಲೀಸ್ ಕಿರಿಕಿರಿ ಅಂತ ಹೆದರಿ ದಾಟಿ ಹೋಗಬೇಡಿ.

ನಿಮ್ಮ ಫೋನಿನ ಲಾಕ್ ಸ್ಕ್ರೀನಿನಲ್ಲಿ ರಕ್ತದ ಗುಂಪು, ಮನೆಯವರ ನಂಬರ್ ಕಾಣುವ ಹಾಗೆ ಇವತ್ತೇ ಹಾಕಿಡಿ. ಮನೆಯವರು ಊರಿನಲ್ಲಿದ್ದರೆ ಪುಣೆಯಲ್ಲೇ ಇರುವ, ಮರಾಠಿ ಬರುವ ಒಬ್ಬ ಗೆಳೆಯನ ನಂಬರೂ ಇರಲಿ, ಆಸ್ಪತ್ರೆಗೆ ಮೊದಲು ಓಡಿ ಬರುವವರು ಅವರೇ. ಸಣ್ಣದಾಗಿ ಬಿದ್ದು ಎದ್ದಿದ್ದರೂ ಹ್ಯಾಂಡಲ್ ನೇರ ಇದೆಯಾ, ಲಿವರ್ ಬಾಗಿದೆಯಾ, ಮುಂದಿನ ಚಕ್ರ ಸಲೀಸಾಗಿ ತಿರುಗುತ್ತದೆಯಾ ನೋಡಿಯೇ ಗಾಡಿ ಹತ್ತಿ. ತಲೆ ನೆಲಕ್ಕೆ ಬಡಿದಿದ್ದರೆ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಥರ್ಮೋಕೋಲ್ ಕುಗ್ಗಿರುತ್ತದೆ, ಅದು ಒಂದು ಪೆಟ್ಟಿಗಷ್ಟೇ ಮಾಡಿದ್ದು, ಅದನ್ನು ಮುರಿದು ಎಸೆದು ಹೊಸದು ತಗೊಳ್ಳಿ. ತಲೆ ಸುತ್ತು, ವಾಂತಿ ಇದ್ದರೆ ಗಾಡಿ ಅಲ್ಲೇ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ, ಗಾಡಿ ತರಲು ಆಮೇಲೆ ಟೆಂಪೋ ಸಿಗುತ್ತದೆ.